ಒಂದು ಮೊಳ ಸರಿದ ನೆತ್ತಿ

ರಸ್ತೆ ಚಪ್ಪಟೆಯಲ್ಲ. ಚಪ್ಪಟೆಯಾಗಿ ಇರಲೂಬಾರದು. ನಡುವೆ ಉಬ್ಬಿ ಎರಡೂ ಅಂಚಿಗೆ ಇಳಿದಿರಬೇಕು. ಇಲ್ಲದಿದ್ದರೆ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗಬೇಕು? ನಡೆಯಲು ಕಲಿತಾಗಿನಿಂದ ರಸ್ತೆ ತುಳಿಯುತ್ತಿರುವ ನಮಗೆ ಇಷ್ಟು ಗೊತ್ತಿರಬೇಕಿತ್ತು. ಗೊತ್ತಿಲ್ಲ. ಕಾಲ ಕೆಳಗಿನದನ್ನು ನೋಡುವ ಅಭ್ಯಾಸವೇ ನಮಗಿಲ್ಲ.

ಆ ಉಬ್ಬಿಗೆ ಎಂಜಿನಿಯರರ ಪುಸ್ತಕದಲ್ಲಿ ಕ್ರೌನ್ ಎಂದು ಹೆಸರು. ಕಿರೀಟ! ಈ ಮಾತು ಎಲ್ಲೆಲ್ಲಿ ಹೋಗಿ ಕೂತಿದೆ ನೋಡಿ. ರಾಜನ ತಲೆಯ ಮೇಲಿತ್ತು. ರಾಜರು ಹೋದ ಮೇಲೆ ಸುಂದರಿಯರ ಸ್ಪರ್ಧೆಗೆ ಬಂತು. ಹಲ್ಲಿನ ಡಾಕ್ಟರು ಹುಳುಕು ಹಲ್ಲಿಗೆ ತೊಡಿಸುವುದು ಕ್ರೌನ್. ಕೈಗಡಿಯಾರದ ಕಿವಿ ಹಿಂಡಿದ ಹಾಗೆ ತಿರುಗಿಸುತ್ತೀರಲ್ಲ, ಆ ಪುಟ್ಟ ಗುಂಡಿಯೂ ಕ್ರೌನ್. ಸೋಡಾ ಬಾಟಲಿಯ ತಗಡಿನ ಮುಚ್ಚಳವನ್ನೂ ಆ ವ್ಯಾಪಾರದವರು ಹಾಗೇ ಕರೆಯುತ್ತಾರೆ. ಎಲ್ಲವೂ ಮೇಲೆ ಹತ್ತಿ ಕೂತವೇ. ಆದರೆ ಮೇಲೆ ಕೂತು ನ್ಯಾಯ ಹಂಚುವ ಕಿರೀಟ ಒಂದೇ, ರಸ್ತೆಯದು. ಬಿದ್ದ ನೀರನ್ನು ಆ ಮನೆಯ ಕಡೆಗೆ ಅರ್ಧ, ಈ ಮನೆಯ ಕಡೆಗೆ ಅರ್ಧ ಕಳಿಸುವುದು ಅದರ ಕೆಲಸ. ಅದು ನಡುವಿನಲ್ಲಿದ್ದರೆ ಯಾರೂ ಅದನ್ನು ನೆನೆಯುವುದಿಲ್ಲ. ಅತ್ತಿತ್ತ ಸರಿದರೆ ಒಂದು ಸಾಲಿನವರ ಹೊಸ್ತಿಲು ಒಣಗಿರುತ್ತದೆ, ಇನ್ನೊಂದು ಸಾಲಿನವರ ಹಾಸಿಗೆ ತೇಲುತ್ತದೆ.

ಹಾಸಿಗೆ ತೇಲಿದ್ದು ಮಾತಿಗಲ್ಲ. ನಿಜವಾಗಿಯೇ ತೇಲಿತು. ತೇಲಿಸಿದವನು ದಾರದ ಮೇಸ್ತ್ರಿ.

ಅವನ ಜೇಬಿನಲ್ಲಿ ಯಾವಾಗಲೂ ಒಂದು ಉಂಡೆ ದಾರ ಇರುತ್ತಿತ್ತು. ಅದಕ್ಕೇ ಆ ಹೆಸರು. ಮದುವೆ ಮನೆಗೆ ಹೋದರೂ ದಾರ, ಸಾವಿನ ಮನೆಗೆ ಹೋದರೂ ದಾರ. "ನಿನ್ನ ಗಂಡನಿಗೆ ಹೊಕ್ಕುಳಬಳ್ಳಿ ಇನ್ನೂ ಬಿದ್ದಿಲ್ಲ ಕಣೇ, ಜೇಬಲ್ಲಿಟ್ಕೊಂಡು ಓಡಾಡ್ತಾನೆ" ಎಂದು ಅವನ ಹೆಂಡತಿಯನ್ನು ಅವಳ ಅಕ್ಕತಂಗಿಯರು ರೇಗಿಸುತ್ತಿದ್ದರು. ಅವನು ನಗುತ್ತಿದ್ದ. ದಾರದಲ್ಲಿ ಅವನ ಮರ್ಯಾದೆ ಇತ್ತು.

ಮೀಸೆ ಮೂಡುವ ಮೊದಲೇ ಅವನು ಸೋದರಮಾವನ ತಂಡ ಸೇರಿ ಜಲ್ಲಿ ಹೊತ್ತವನು. ಮಾವ ಬಾಯಿಗಿಂತ ಕೈಯಲ್ಲೇ ಹೆಚ್ಚು ಪಾಠ ಹೇಳುವ ಮನುಷ್ಯ. ಹೇಳಿಸಿಕೊಂಡ ಬೆನ್ನು ಎರಡು ದಿನ ಉರಿಯುತ್ತಿತ್ತು. ರಸ್ತೆಯ ಎರಡೂ ಅಂಚಿಗೆ ಗೂಟ, ನಡುವಿಗೆ ಒಂದು ಎತ್ತರದ ಗೂಟ, ಮೂರಕ್ಕೂ ದಾರ. ದಾರದ ಕೆಳಗೆ ಜಲ್ಲಿ, ಜಲ್ಲಿಯ ಮೇಲೆ ಡಾಂಬರು. ಹೊಟ್ಟೆಯ ಕಡೆ ಬಾಗಿಸಿ ಕೊಯ್ದ ಉದ್ದನೆಯ ಹಲಗೆಯನ್ನು ಅಡ್ಡಲಾಗಿ ಇಟ್ಟು ನೋಡಿದರೆ ಬೆಳಕು ಎಲ್ಲೂ ತೂರಬಾರದು. ಆ ತಂಡದವರು ನಡುವಿನ ಆ ಉಬ್ಬನ್ನು ಕಿರೀಟ ಪರೀಟ ಎನ್ನುತ್ತಿರಲಿಲ್ಲ. ನೆತ್ತಿ ಎನ್ನುತ್ತಿದ್ದರು. "ಹೆಣ್ಣುಮಗಳ ಬೈತಲೆ ಸೊಟ್ಟಗಾದ್ರೆ ಕನ್ನಡಿ ಮುಂದೆ ಸರಿಮಾಡ್ಕೋತಾಳೆ. ರಸ್ತೆ ನೆತ್ತಿ ಸೊಟ್ಟಗಾದ್ರೆ ಯಾರೋ ಒಬ್ಬರ ಮನೆ ಹಾಳಾಗುತ್ತೆ" ಎಂದು ಮಾವ ಹೇಳುತ್ತಿದ್ದ. ಹೇಳಿ ಒಂದು ಕೊಡುತ್ತಿದ್ದ, ಮರೆಯಬಾರದು ಅಂತ.

ಹಾಗೆ ಕಲಿತ ಕೆಲಸವನ್ನು ಮೇಸ್ತ್ರಿ ಊರ ತುಂಬ ಮಾಡಿದ. ಆಸ್ಪತ್ರೆಯ ಮುಂದಿನ ರಸ್ತೆ, ಸಂತೆ ಮಾಳದ ರಸ್ತೆ, ದೊಡ್ಡವರ ಬಂಗಲೆಗಳ ನಡುವಿನ ಅಗಲವಾದ ರಸ್ತೆ. ಎಲ್ಲೂ ನೀರು ನಿಂತಿತೆಂಬ ದೂರಿಲ್ಲ. ಒಮ್ಮೆ ಬಂಗಲೆಯವರೊಬ್ಬರು ಅವನನ್ನು ಪಕ್ಕಕ್ಕೆ ಕರೆದು, "ನಮ್ಮ ಗೇಟಿನ ಕಡೆ ಸ್ವಲ್ಪ ಎತ್ತರ ಮಾಡಪ್ಪ, ನೋಡ್ಕೋತೀನಿ" ಎಂದಿದ್ದರು. "ನನ್ನ ದಾರಕ್ಕೆ ಕಿವಿ ಇಲ್ಲ ಸ್ವಾಮಿ" ಎಂದು ಬಂದಿದ್ದ. ಈ ಮಾತನ್ನು ಅವನು ಎಷ್ಟು ಕಡೆ ಹೇಳಿಕೊಂಡನೆಂದರೆ, ಕೊನೆಗೆ ಅವನ ಹೆಂಡತಿ "ಸಾಕು ಬಿಡಿ, ನಿಮ್ಮ ದಾರಕ್ಕೆ ಕಿವಿ ಇಲ್ದಿದ್ರೂ ನಮಗಿದೆ" ಎಂದಳು.

ಊರಿಗೆಲ್ಲ ರಸ್ತೆ ಹಾಕಿದವನ ಬೀದಿಗೆ ಮಾತ್ರ ರಸ್ತೆ ಇರಲಿಲ್ಲ. ಮಳೆ ಬಂದರೆ ಕೆಸರು, ಬಿಸಿಲು ಬಂದರೆ ಧೂಳು. ಅವನ ಮನೆಯಿದ್ದ ಸಾಲು ಎದುರು ಸಾಲಿಗಿಂತ ಒಂದು ಮೆಟ್ಟಿಲು ತಗ್ಗು. ಮಳೆಗಾಲದಲ್ಲಿ ಮುಂದಿನ ಕೋಣೆಗೆ ನೀರು ನುಗ್ಗುತ್ತಿತ್ತು. ಹೆಂಡತಿ ಹೊಸ್ತಿಲಿಗೆ ಗೋಣಿಚೀಲ ಒತ್ತಿ, ತಟ್ಟೆಯಲ್ಲಿ ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಚೆಲ್ಲುವಾಗ ಗಂಡನ ಕಡೆ ನೋಡುತ್ತಿರಲಿಲ್ಲ. ನೋಡಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಕೊನೆಗೂ ಆ ಬೀದಿಯ ಸರದಿ ಬಂತು. ಅದೇ ವಾರ ಮಗಳು ಹೆತ್ತು ಕೂಸಿನೊಂದಿಗೆ ತವರಿಗೆ ಬಂದಳು. ಇದ್ದದ್ದು ಎರಡು ಕೋಣೆ, ಹಿಂದಿನದರಲ್ಲಿ ಅಡುಗೆಯ ಹೊಗೆ. ಬಾಣಂತಿಗೆ ಮುಂದಿನ ಕೋಣೆಯೇ ಗತಿ.

"ಈ ಸಲವೂ ನೀರು ಬಂದ್ರೆ ಮಗೂನ ಎಲ್ಲಿ ಮಲಗಿಸ್ಲಿ? ನಿಮ್ಮ ತಲೆ ಮೇಲಾ?" ಎಂದಳು ಹೆಂಡತಿ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಗೂಟ ಹೊಡೆಯಲು ಹೊರಟ. ಎರಡೂ ಅಂಚಿಗೆ ಸರಿಯಾಗಿಯೇ ಹೊಡೆದ. ನಡುವಿನ ಗೂಟ ಹಿಡಿದು ನಿಂತಾಗ ಒಳಗಿನಿಂದ ಕೂಸು ಅತ್ತಿತು. ಅಷ್ಟೇ. ದೊಡ್ಡ ಪಾಪಗಳಿಗೆ ದೊಡ್ಡ ಕಾರಣ ಬೇಕೆಂದು ನಾವು ತಿಳಿದಿರುತ್ತೇವೆ. ಕೂಸು ಅತ್ತರೆ ಸಾಕು. ಗೂಟವನ್ನು ಅವನು ತನ್ನ ಮನೆಯ ಕಡೆಗೆ ಒಂದು ಮೊಳ ಸರಿಸಿ ನೆಟ್ಟ. ನೆತ್ತಿ ಅವನ ಸಾಲಿಗೆ ಹತ್ತಿರವಾಯಿತು. ಅಲ್ಲಿಂದ ತನ್ನ ಅಂಚಿನವರೆಗೆ ಉಳಿದ ಜಾಗಕ್ಕೂ ಜಲ್ಲಿ ತುಂಬಿ ಏರಿಸಿದ: ಎತ್ತರ ತನ್ನ ಕಡೆ, ಇಳಿಜಾರು ಎದುರಿನವರ ಕಡೆ. ಒಂದೇ ಕಡೆ ಸರಿಸಿದರೆ ಗೂನು ಕಾಣುತ್ತದೆಂದು ಬೀದಿಯ ಉದ್ದಕ್ಕೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಾಜೂಕಾಗಿ ಸರಿಸಿಕೊಂಡು ಹೋದ. ಕೆಲಸ ಬಲ್ಲವನ ಮೋಸಕ್ಕೂ ಒಂದು ಅಚ್ಚುಕಟ್ಟು ಇರುತ್ತದೆ.

ರೋಲರ್ ಓಡಿಸುವವನು ಹಳೆಯ ಗೆಳೆಯ. ಮೇಲಿನಿಂದ ಬಗ್ಗಿ ನೋಡಿ, "ಏನೋ ದಾರ, ನಿನ್ನ ದಾರ ಇವತ್ತು ಯಾಕೋ ಮನೆ ಕಡೆ ವಾಲ್ತಾ ಇದೆ?" ಎಂದ.

"ನಿನ್ನ ಕಣ್ಣು ವಾಲಿದೆ. ರಾತ್ರಿ ಕುಡಿದದ್ದು ಇಳಿದಿಲ್ಲ."

"ನಾನು ಬಿಟ್ಟು ಆರು ತಿಂಗಳಾಯ್ತಲ್ಲೋ!"

"ಹಾಗಾದ್ರೆ ಮತ್ತೆ ಶುರು ಮಾಡು. ಕುಡಿದಾಗ್ಲೇ ನಿನಗೆ ನೆಟ್ಟಗೆ ಕಾಣ್ತಿತ್ತು."

ಇಬ್ಬರೂ ನಕ್ಕರು. ರೋಲರ್ ಮುಂದಕ್ಕೆ ಹೋಯಿತು. ಬಿಸಿ ಡಾಂಬರು ನೆತ್ತಿಯನ್ನು ಮುಚ್ಚಿತು.

ಸರಿಸಿದ ದಿನ ಮೇಸ್ತ್ರಿ ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡಿದ್ದ: ಎದುರು ಸಾಲು ಮೊದಲೇ ಎತ್ತರ, ಅವರಿಗೆ ಏನೂ ಆಗುವುದಿಲ್ಲ, ಇಷ್ಟು ವರ್ಷ ನಮ್ಮ ನೀರೂ ಅವರ ನೀರೂ ನಾವೇ ಕುಡಿದದ್ದಾಯಿತು. ಈ ಮಾತಿನಲ್ಲಿ ಸ್ವಲ್ಪ ನಿಜವಿತ್ತು. ಅದೇ ಕೆಟ್ಟದ್ದು. ಪೂರ್ತಿ ಸುಳ್ಳಾಗಿದ್ದರೆ ಅವನು ನಂಬುತ್ತಿರಲಿಲ್ಲ.

ಎದುರು ಮನೆಯಲ್ಲಿದ್ದವಳು ಹಾಸಿಗೆಯಕ್ಕ. ಗಂಡ ತೀರಿಕೊಂಡ ಮೇಲೆ ಅವನು ಬಿಟ್ಟುಹೋದ ಹತ್ತಿ ಬಿಡಿಸುವ ಯಂತ್ರದ ಮುಂದೆ ಕೂತು, ಹಾಸಿಗೆ ದಿಂಬು ಹೊಲಿದು, ಹಾಸಿಗೆ ಹಿಡಿದ ಅತ್ತೆಯನ್ನು ಸಾಕುತ್ತಿದ್ದಳು. ಮುಂದಿನ ಕೋಣೆಯೇ ಅಂಗಡಿ: ಮಾಡಿನವರೆಗೂ ಹತ್ತಿ, ಹತ್ತಿಯ ನಡುವೆ ಅವಳು. ಹೊರಗೆ ಬಂದರೆ ತಲೆಗೂದಲು, ಹುಬ್ಬು, ಎಲ್ಲದರ ಮೇಲೂ ಬಿಳಿ ಎಳೆ. "ನನಗೆ ವಯಸ್ಸಾಗಿದ್ದು ಯಾರಿಗೂ ಗೊತ್ತಾಗಲ್ಲ, ಮೊದಲಿಂದಲೂ ಹೀಗೇ ಇದ್ದೀನಿ" ಎಂದು ನಗುತ್ತಿದ್ದಳು.

ರಸ್ತೆ ಮುಗಿದ ವಾರ ಅವಳು ಕೈಯುದ್ದದ ಒಂದು ಪುಟ್ಟ ಹಾಸಿಗೆ ಹಿಡಿದು ಬಂದಳು.

"ಮಗೂಗೆ. ಒಳ್ಳೆ ಹತ್ತಿ, ನಾನೇ ಮೂರು ಸಲ ಬಿಡಿಸಿದ್ದು. ಬೆಲೆ ಗಿಲೆ ಅಂತ ಬಾಯಿ ಬಿಟ್ರೆ ನೋಡಿ ಅಣ್ಣ, ಜಗಳ ಆಗುತ್ತೆ."

"ಯಾಕಮ್ಮಾ ಇದೆಲ್ಲ..."

"ಯಾಕೆ ಅಂದ್ರೆ? ಮದುವೆಯಾಗಿ ಬಂದಾಗಿನಿಂದ ಈ ಬೀದೀಲಿ ಚಪ್ಪಲಿ ಕೈಲಿ ಹಿಡ್ಕೊಂಡು ಓಡಾಡಿದೋಳು ನಾನು. ಈಗ ಕಾಲಿಗೆ ಹಾಕ್ಕೊಂಡು ಬಂದೆ. ನಿಮ್ಮಿಂದ ತಾನೆ?"

ಕೂಸು ಆ ಹಾಸಿಗೆಯ ಮೇಲೆ ಮಲಗಿ ತಕ್ಷಣ ನಿದ್ದೆ ಹೋಯಿತು. ಮೇಸ್ತ್ರಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಹೆಂಡತಿ, "ಏನು, ಮೊಮ್ಮಗಳನ್ನ ನೋಡಿ ಅಳ್ತೀರಾ?" ಎಂದಳು. ಹೌದೆಂದ.

ಅಂದಿನಿಂದ ಅವನ ಪಾದದ ನೆಮ್ಮದಿ ಹೋಯಿತು. ಬೀದಿಯಲ್ಲಿ ಬೇರೆ ಯಾರಿಗೂ ತಿಳಿಯದ ಇಳಿಜಾರು ಅವನ ಅಂಗಾಲಿಗೆ ತಿಳಿಯುತ್ತಿತ್ತು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ತರಕಾರಿ ಗಾಡಿಯವನು ಬಂದಾಗಲಂತೂ ಅವನು ಒಳಗೆ ಹೋಗಿಬಿಡುತ್ತಿದ್ದ. ಗಾಡಿ ಬಿಟ್ಟರೆ ಸಾಕು, ತಾನಾಗಿ ಎದುರು ಸಾಲಿನ ಕಡೆ ಹೊರಳುತ್ತಿತ್ತು. "ಈ ಗಾಡಿಗೆ ಹಾಸಿಗೆಯಕ್ಕನ ಮೇಲೆ ಮನಸ್ಸಾಗಿದೆ ಕಣ್ರೀ, ಎಳೆದು ಎಳೆದು ಸಾಕಾಯ್ತು" ಎಂದು ಗಾಡಿಯವನು ಕೂಗಿ ಹೇಳುತ್ತಿದ್ದ. ಬೀದಿಯೆಲ್ಲ ನಗುತ್ತಿತ್ತು. ಹಾಸಿಗೆಯಕ್ಕನೂ ನಗುತ್ತಿದ್ದಳು.

ಮಳೆ ಬಂತು.

ಮೇಸ್ತ್ರಿ ಕಿಟಕಿಯಲ್ಲಿ ನಿಂತು ನೋಡಿದ. ಅವನ ಹೊಸ್ತಿಲ ಮುಂದೆ ಬಿದ್ದ ನೀರು ಒಂದು ಕ್ಷಣ ಹಿಂದೆ ಮುಂದೆ ನೋಡದೆ, ಹೇಳಿಕೊಟ್ಟ ಮಗುವಿನ ಹಾಗೆ, ರಸ್ತೆ ದಾಟಿ ಆ ಕಡೆಗೆ ಹೋಯಿತು. ರಸ್ತೆಯ ಎರಡೂ ಬದಿಗೆ ಚರಂಡಿಯಿದ್ದರೂ ಇಡೀ ಬೀದಿಯ ನೀರು ಆ ಕಡೆಯ ಒಂದೇ ಚರಂಡಿಗೆ. ಚರಂಡಿ ಅರ್ಧ ಗಂಟೆ ತಡೆಯಿತು, ಆಮೇಲೆ ಕಕ್ಕಿತು. ಎದುರು ಸಾಲಿನ ಎತ್ತರ ಏನೇನೂ ಸಾಲಲಿಲ್ಲ. "ಅಯ್ಯೋ, ಹತ್ತಿ! ಹತ್ತಿ!" ಎಂಬ ಕೂಗು ಕೇಳಿ ಅವನು ಓಡಿದ.

ಹಾಸ್ಟೆಲ್ ಒಂದಕ್ಕೆ ಕೊಡಬೇಕಿದ್ದ ಹಾಸಿಗೆಗಳು ನೆಲದ ಮೇಲೆ ಸಾಲಾಗಿದ್ದವು. ಮೇಸ್ತ್ರಿ ಒಳಗೆ ಕಾಲಿಡುವ ಹೊತ್ತಿಗೆ ಕೆಳಗಿನವು ನೀರು ಕುಡಿದು ಹೆಣದ ಹಾಗೆ ಭಾರವಾಗಿದ್ದವು, ಮೇಲಿನದೊಂದು ನಿಧಾನವಾಗಿ ಬಾಗಿಲ ಕಡೆಗೆ ತೇಲಿಬರುತ್ತಿತ್ತು. ಅತ್ತೆ ಒಳಕೋಣೆಯ ಮಂಚದ ಮೇಲಿನಿಂದ "ಏನಾಯ್ತೇ? ಏನದು ಸದ್ದು?" ಎಂದು ಕೇಳುತ್ತಲೇ ಇದ್ದಳು. ಅವನು ಸಂಜೆಯವರೆಗೂ ನೀರು ಮೊಗೆದ. ಒದ್ದೆ ಹತ್ತಿ ಹೊತ್ತು ಹಾಕಿದ. ಕೊನೆಗೆ ಹಾಸಿಗೆಯಕ್ಕ ಒಣಗಿದ ಮೂಲೆಯಲ್ಲಿ ಸ್ಟೌ ಹಚ್ಚಿ ಅವನಿಗೆ ಟೀ ಮಾಡಿಕೊಟ್ಟಳು.

"ತಪ್ಪು ನನ್ನದೇ ಅಣ್ಣ. ಕೆಳಗೆ ಇಟ್ಟಿಗೆ ಇಟ್ಟು ಹಲಗೆ ಹಾಕಿ ಅದರ ಮೇಲೆ ಜೋಡಿಸ್ಬೇಕಿತ್ತು. ಸೋಮಾರಿತನ."

ಮೇಸ್ತ್ರಿ ಟೀ ಲೋಟದೊಳಗೆ ನೋಡಿದ.

"ನಿಮ್ಮಂಥವರು ಎದುರು ಮನೇಲಿರೋದು ನನ್ನ ಪುಣ್ಯ" ಎಂದಳು ಅವಳು. ಟೀ ಇಳಿಯಲಿಲ್ಲ. ಆದರೂ ಕುಡಿದ. ಬಿಟ್ಟರೆ ಯಾಕೆಂದು ಕೇಳುತ್ತಾಳಲ್ಲ.

ಎರಡನೆಯ ಮಳೆಗೂ ಅದೇ ಆಯಿತು. ಈ ಸಲ ಅವಳು ಇಟ್ಟಿಗೆ ಇಟ್ಟಿದ್ದಳು; ನೀರು ಇಟ್ಟಿಗೆಯ ಮೇಲೆ ಹತ್ತಿತು. ಅವಳು ಸುಮ್ಮನಿರುವ ಹೆಂಗಸಲ್ಲ. ನಗರಸಭೆಗೆ ಹೋಗಿ, ಎಂಜಿನಿಯರನ್ನು ಹಿಡಿದು, ಬೀದಿಗೆ ಕರೆದುಕೊಂಡೇ ಬಂದಳು. ಎಂಜಿನಿಯರು ಕೆಟ್ಟವರೇನಲ್ಲ. ಚರಂಡಿಗೆ ಕೋಲು ಹಾಕಿ ನೋಡಿದರು, ಮಣ್ಣು ಕೆದಕಿದರು, ತಲೆ ಕೆರೆದುಕೊಂಡರು.

"ಚರಂಡಿ ಚೆನ್ನಾಗೇ ಇದೆಯಲ್ಲಮ್ಮ. ರಸ್ತೆ ಹಾಕಿದವರು ಯಾರು?"

"ನಮ್ಮ ಮೇಸ್ತ್ರಿ ಅಣ್ಣನೇ ಸಾರ್. ಅವರ ಕೆಲಸದಲ್ಲಿ ಒಂದು ಕೂದಲಷ್ಟು ಆಚೆ ಈಚೆ ಆಗಲ್ಲ. ಅಣ್ಣಾ, ಬನ್ನಿ ಸ್ವಲ್ಪ!"

ಮೇಸ್ತ್ರಿ ಬಂದು ನಿಂತ. ಎಂಜಿನಿಯರ ಚೀಲದಲ್ಲಿ ರಸಮಟ್ಟ ಇತ್ತು. ತೆಗೆದು ರಸ್ತೆಯ ಮೇಲಿಟ್ಟರೆ ಒಳಗಿನ ಗುಳ್ಳೆ ಒಂದು ಗಳಿಗೆಯಲ್ಲಿ ಚಾಡಿ ಹೇಳುತ್ತಿತ್ತು. ಅವರು ಚೀಲಕ್ಕೆ ಕೈ ಹಾಕಿದರು. ಆಮೇಲೆ ಇವನ ಮುಖ ನೋಡಿದರು. ಇಪ್ಪತ್ತು ವರ್ಷದಿಂದ ಬಲ್ಲ ಮುಖ. ಬರಿಗೈ ಹೊರಗೆ ಬಂತು.

"ನೀವೇ ಹೇಳಿ ಮೇಸ್ತ್ರಿ. ರಸ್ತೆ ಸರಿ ಇದೆ ತಾನೆ?"

ಹೂಂ ಎನ್ನಲಿಲ್ಲ ಅವನು. ಊಹೂಂ ಎಂದೂ ಅನ್ನಲಿಲ್ಲ. "ಮುಂದೆ ಚರಂಡಿ ತಿರುವಿನಲ್ಲಿ ಹೂಳಿರಬೇಕು ಸಾರ್, ತೆಗೆಸಿ ನೋಡಿ" ಎಂದ. ಮೊದಲನೆಯ ತಪ್ಪನ್ನು ಕೈ ಮಾಡಿತ್ತು, ಕೂಸಿನ ಅಳು ಕೇಳಿ. ಇದನ್ನು ನಾಲಿಗೆ ಮಾಡಿತು, ಬಿಸಿಲಲ್ಲಿ, ನಾಲ್ಕು ಜನರೆದುರು, ತನ್ನ ಹೆಸರು ಉಳಿಯಲೆಂದು. ಈ ಎರಡನೆಯದಕ್ಕೆ ಅವನಿಗೆ ಯಾವ ಸಮಾಧಾನವೂ ಸಿಗಲಿಲ್ಲ. ಹುಡುಕಿದ, ಸಿಗಲಿಲ್ಲ.

ಹೂಳು ತೆಗೆಸಿದರು. ಒಂದು ಬುಟ್ಟಿ ಬಂತು.

ತಪ್ಪು ಮಾಡಿದವನು ಸುಮ್ಮನೆ ಕೂರುವುದಿಲ್ಲ, ಉಪಕಾರ ಮಾಡುತ್ತಾನೆ. ಮೇಸ್ತ್ರಿ ತನ್ನದೇ ಸಿಮೆಂಟು, ತನ್ನದೇ ಇಟ್ಟಿಗೆ ತಂದು ಹಾಸಿಗೆಯಕ್ಕನ ಹೊಸ್ತಿಲು ಎತ್ತರಿಸಿಕೊಟ್ಟ. ಅವಳ ಮಾಡಿನ ಹೆಂಚು ಸರಿಮಾಡಿದ. ಅತ್ತೆಯ ಮಂಚದ ಕಾಲಿಗೆ ಕಲ್ಲು ಕೊಟ್ಟ. ಒಂದೊಂದಕ್ಕೂ ಅವಳು "ಅಣ್ಣ, ಅಣ್ಣ" ಎಂದಳು. ಒಂದೊಂದು ಅಣ್ಣನೂ ಅವನಿಗೆ ಚಪ್ಪಲಿಯೊಳಗಿನ ಜಲ್ಲಿ. ಮೂರನೆಯ ಮಳೆ ಎತ್ತರಿಸಿದ ಹೊಸ್ತಿಲನ್ನು ದಾಟಿ ಒಳಗೆ ಬಂತು. ಈಗ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತಿತು. ಅವನ ಉಪಕಾರದ ಫಲ ಅದು.

ಆಮೇಲೆ ಗಿರಾಕಿಗಳು ಕಡಿಮೆಯಾದರು. ಒಮ್ಮೆ ನೆನೆದು ಒಣಗಿದ ಹತ್ತಿಗೆ ಒಂದು ಮುಗ್ಗಲು ವಾಸನೆ ಬರುತ್ತದೆ. ಎಷ್ಟು ಬಿಸಿಲಿಗೆ ಹಾಕಿದರೂ ಹೋಗುವುದಿಲ್ಲ. ಹಾಸ್ಟೆಲಿನವರು ಬೇರೆ ಕಡೆ ಹೋದರು. ಹಾಸಿಗೆಯಕ್ಕ ಯಂತ್ರವನ್ನು ಮಾರಲು ಮಾತಾಡಿದಳು. ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟು, ತಾನು ಬಟ್ಟೆ ಕಾರ್ಖಾನೆಗೆ ಕೂಲಿಗೆ ಹೋಗುವುದೆಂದು ತೀರ್ಮಾನಿಸಿದಳು.

ಮೇಸ್ತ್ರಿ ಅಂದು ಮನೆಯಲ್ಲಿ ಬಾಯಿ ಬಿಟ್ಟ. ಹೆಂಡತಿ ಪೂರ್ತಿ ಕೇಳಿದಳು.

"ನನಗೆ ಗೊತ್ತಿತ್ತು" ಎಂದಳು.

"ಯಾವಾಗಿಂದ?"

"ಮೊದಲನೇ ಮಳೆಯಿಂದ. ಇಷ್ಟು ವರ್ಷ ನೀರು ಮೊಗೆದೋಳಿಗೆ ನೀರು ಯಾಕೆ ಬರಲಿಲ್ಲ ಅಂತ ಗೊತ್ತಾಗಲ್ವಾ? ಮಗು ಬೆಚ್ಚಗೆ ಮಲಗಿತ್ತು. ನಾನೂ ಬಾಯಿ ಮುಚ್ಕೊಂಡೆ. ಈಗ್ಲೂ ಮುಚ್ಕೊಳ್ಳಿ. ಹೇಳಿದ್ರೆ ಯಾರಿಗೆ ಏನು ಬಂತು?"

ಅವನು ಮುಚ್ಚಿಕೊಂಡ. ಇನ್ನೂ ಕೆಲವು ದಿನ.

ಕೋಣೆ ನೋಡಲು ಒಂದು ಜೋಡಿ ಬಂತು. ಗಂಡ ಬಸ್ಸಿನ ಕಂಡಕ್ಟರ್, ಹೆಂಡತಿಯ ಕಂಕುಳಲ್ಲಿ ಮಗು. ಮೇಸ್ತ್ರಿ ತನ್ನ ಬಾಗಿಲಲ್ಲಿ ಕೂತಿದ್ದ; ಬೀದಿ ಅಗಲವಿಲ್ಲ, ಮಾತೆಲ್ಲ ಕೇಳುತ್ತಿತ್ತು. ಕೋಣೆ ಅವರಿಗೆ ಹಿಡಿಸಿತು. ಬಾಡಿಗೆ ಹೊಂದಿತು. ಹೊರಡುವಾಗ ಆ ಹೆಂಡತಿ ತಿರುಗಿ, "ಮಳೆಗಾಲದಲ್ಲಿ ನೀರು ಗೀರು ಬರಲ್ಲ ತಾನೆ?" ಎಂದಳು.

ಬಿಸಿಲಿತ್ತು. ನೆಲ ಒಣಗಿತ್ತು. ಹೊಸ್ತಿಲು ಹೊಸದಾಗಿತ್ತು. ಇಲ್ಲ ಎಂದರೆ ಮುಗಿಯುತ್ತಿತ್ತು.

"ಬರುತ್ತಮ್ಮ" ಎಂದಳು ಹಾಸಿಗೆಯಕ್ಕ. "ಮೊಣಕಾಲವರೆಗೂ ಬರುತ್ತೆ. ಯಾಕೆ ಅಂತ ನನಗೂ ಗೊತ್ತಿಲ್ಲ. ಮಗು ಇದೆ ನಿಮಗೆ, ನೋಡಿ ಯೋಚನೆ ಮಾಡಿ."

ಅವರು ಯೋಚನೆಯನ್ನೂ ಮಾಡಲಿಲ್ಲ, ಹೋದರು. ಹಾಸಿಗೆಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಇವನ ಕಡೆ ನೋಡಿ, "ನನ್ನ ಬಾಯಿಗೆ ಹೊಲಿಗೆ ಹಾಕಬೇಕು ಅಣ್ಣ" ಎಂದು ನಕ್ಕಳು.

ಮೇಸ್ತ್ರಿ ಎದ್ದ. ಒಳಗೆ ಹೋಗಿ ಒಂದು ಕೊಡ ನೀರು ತಂದ. ರಸ್ತೆಯ ನಟ್ಟನಡುವೆ ನಿಂತು, "ಬಾಮ್ಮ ಇಲ್ಲಿ. ನೋಡು" ಎಂದು ಸುರಿದ.

ನೀರು ಒಂದು ಹನಿಯೂ ಅವನ ಮನೆಯ ಕಡೆಗೆ ಹೋಗಲಿಲ್ಲ. ಅಷ್ಟೂ ಅವಳ ಕಾಲಿನ ಕಡೆಗೆ ಹರಿದು ಚಪ್ಪಲಿ ತೋಯಿಸಿತು.

"ಏನಣ್ಣ ಇದು?"

"ನಡುವೆ ಸುರಿದ ನೀರು ಎರಡೂ ಕಡೆ ಹೋಗ್ಬೇಕು. ನೆತ್ತಿ ನಾನೇ ಸರಿಸಿದ್ದು. ಬೇಕು ಅಂತಲೇ ಸರಿಸಿದ್ದು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದಲ್ಲಿ ಒಂದೊಂದಾಗಿ ಕಂಡಿತು: ಹತ್ತಿ, ಹಾಸ್ಟೆಲು, ಯಂತ್ರ, ಈಗಷ್ಟೇ ಬಾಗಿಲಿಂದ ತಿರುಗಿ ಹೋದ ಜೋಡಿ.

"ಎಂಜಿನಿಯರು ಬಂದ ದಿನ ನೀವು ಇಲ್ಲೇ ನಿಂತಿದ್ರಿ."

"ಹೌದು."

"ಕೂದಲಷ್ಟೂ ಆಚೆ ಈಚೆ ಆಗಲ್ಲ ಅಂದೆ ನಾನು. ಎಲ್ಲರ ಮುಂದೆ."

"ಅಂದೆ."

"ಹೊಸ್ತಿಲು ಕಟ್ಟಿಕೊಟ್ರಲ್ಲ. ಅದು ಏನು ಮತ್ತೆ?"

ಮೇಸ್ತ್ರಿ ಖಾಲಿ ಕೊಡ ಕೆಳಗಿಟ್ಟ. ಬೈಯುತ್ತಾಳೆಂದು ಕಾದ. ಬೈದಿದ್ದರೆ ಹೊರೆ ಇಳಿಯುತ್ತಿತ್ತು. ಅವಳು ಬಗ್ಗಿ, ಚಪ್ಪಲಿ ಬಿಚ್ಚಿ, ಕೈಯಲ್ಲಿ ಹಿಡಿದುಕೊಂಡಳು.

"ಒಳಗೆ ಹೋಗಿ ಮೇಸ್ತ್ರಿಗಳೇ. ಬಿಸಿಲಿದೆ" ಎಂದಳು.

ಅಂದಿನಿಂದ ಅವಳು ಅವನನ್ನು ಅಣ್ಣ ಎಂದು ಕರೆದಿಲ್ಲ.

ಮೇಸ್ತ್ರಿ ನೇರ ನಗರಸಭೆಗೆ ಹೋದ. ಎಂಜಿನಿಯರು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. "ನಿಮ್ಮ ಮುಖ ನೋಡಿ ನಾನು ರಸಮಟ್ಟ ಚೀಲದಲ್ಲೇ ಬಿಟ್ಟೆನಲ್ರೀ! ನಾನು ಯಾರಿಗೆ ಮುಖ ತೋರಿಸ್ಲಿ?" ಕೂಗಾಡಿದರು, ನೀರು ಕುಡಿದರು. ತಂಡದ ಕೆಲಸ ಅವನ ಕೈಯಿಂದ ಅಂದೇ ಹೋಯಿತು. ರೋಲರಿನವನು ಈ ಸುದ್ದಿ ಕೇಳಿ, "ಅವತ್ತು ನಾನು ಇಳಿದು ನಿನ್ನ ಕಪಾಳಕ್ಕೆ ಕೊಡಬೇಕಿತ್ತು. ನಕ್ಕೊಂಡು ಹೋದೆ" ಎಂದನಷ್ಟೆ.

ಆದರೆ ಎಂಜಿನಿಯರು ಒಂದು ದಾರಿ ಹೇಳಿದರು. ಮೇಲೊಂದು ಪದರ ಹಾಕಿ ನೆತ್ತಿಯನ್ನು ನಡುವಿಗೆ ತರಬಹುದು. ಆಗ ನೀರು ಮೇಸ್ತ್ರಿಯ ಸಾಲಿನ ಚರಂಡಿಗೂ ಬರುತ್ತದೆ. ಆ ಚರಂಡಿ ಬಾಯಿ ತೆರೆದಿರಬೇಕು. "ನಿಮ್ಮ ಸಾಲಿನವರು ಚರಂಡಿ ಬಿಡಿಸಿಕೊಡಲಿ. ನಾನೇ ನಿಂತು ಮಾಡಿಸ್ತೀನಿ."

ಇಲ್ಲಿ ನಮ್ಮ ನಿಜವಾದ ಕಥೆ ಶುರುವಾಗುತ್ತದೆ. ಈ ಮೂರು ಮಳೆಯಲ್ಲಿ ಆ ಸಾಲಿನ ಚರಂಡಿ ಒಣಗಿತ್ತು. ಒಣಗಿದ ಚರಂಡಿಯನ್ನು ನಾವು ಖಾಲಿ ಬಿಡುವ ಜನವೇ? ಔಷಧಿ ಅಂಗಡಿಯವರು ಅದರ ಮೇಲೆ ಚಪ್ಪಡಿ ಹಾಸಿ ಅಂಗಡಿಯನ್ನು ಮುಂದಕ್ಕೆ ತಂದಿದ್ದರು. ನಿವೃತ್ತ ಮೇಷ್ಟ್ರು ಹೂಕುಂಡಗಳಿಗೆ ಕಟ್ಟೆ ಕಟ್ಟಿಸಿದ್ದರು. ಉಳಿದವರದು ಮೆಟ್ಟಿಲು, ಸ್ಕೂಟರ್ ಏರಿಸುವ ಇಳಿಜಾರು. ಮೇಸ್ತ್ರಿಯ ಹೆಂಡತಿಯೂ ಬಟ್ಟೆ ಒಗೆಯಲು ಒಂದು ಕಲ್ಲು ಹಾಕಿಸಿಕೊಂಡಿದ್ದಳು.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಸಾಲಿನವರನ್ನೆಲ್ಲ ಹೊರಗೆ ಕರೆದ. ಎಲ್ಲವನ್ನೂ ಹೇಳಿದ, ಮೊದಲಿನಿಂದ, ಏನನ್ನೂ ಬಿಡದೆ. ಜನ ಕೇಳಿದರು.

"ಒಳ್ಳೇದಾಯ್ತಲ್ಲಪ್ಪ" ಎಂದರು ಔಷಧಿ ಅಂಗಡಿಯವರು. "ನಾವು ವರ್ಷಾನುಗಟ್ಟಲೆ ನೆಂದಿಲ್ವಾ? ಆಗ ಆ ಸಾಲಿನವರು ಬಂದು ಕೇಳಿದ್ರಾ?"

"ಹಾಸಿಗೆಯಕ್ಕ ಬಂದಿದ್ಲು. ಒಣ ಬಟ್ಟೆ ಕೊಟ್ಟಿದ್ಲು" ಎಂದಳು ಹಿಂದಿನಿಂದ ಮೇಸ್ತ್ರಿಯ ಹೆಂಡತಿ. ಅವಳು ಮಾತಾಡುತ್ತಾಳೆಂದು ಅವನೂ ಎಣಿಸಿರಲಿಲ್ಲ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ತಪ್ಪೊಪ್ಪಿಕೊಳ್ಳೋದು ದೊಡ್ಡ ಗುಣ. ನಿನ್ನ ಬಗ್ಗೆ ಗೌರವ ಹೆಚ್ಚಾಯ್ತು. ಆದರೆ ನಿನಗೆ ಪಶ್ಚಾತ್ತಾಪ ಬಂದಿದ್ದಕ್ಕೆ ನಾವು ಯಾಕಪ್ಪ ನೆನೀಬೇಕು?"

ಜನ ನಕ್ಕರು. ನಗುವುದಕ್ಕೆ ಒಂದು ಮಾತು ಸಿಕ್ಕಿದ ಮೇಲೆ ಸಭೆ ಮುಗಿದ ಹಾಗೆಯೇ. ಒಬ್ಬೊಬ್ಬರಾಗಿ ಒಳಗೆ ಹೋದರು. ಒಬ್ಬರೂ ಕೆಟ್ಟವರಲ್ಲ, ಒಬ್ಬರೂ ಗೂಟ ಸರಿಸಿದವರಲ್ಲ. ಸರಿಸಿಕೊಟ್ಟದ್ದರ ಮೇಲೆ ಹೂಕುಂಡ ಇಟ್ಟವರು, ಅಷ್ಟೆ.

ಮೇಸ್ತ್ರಿ ಹಾರೆ ತಂದ. ಬಟ್ಟೆ ಒಗೆಯುವ ಕಲ್ಲನ್ನು ಮೀಟಿದ; ಹೆಂಡತಿ ಇನ್ನೊಂದು ತುದಿ ಹಿಡಿದಳು. ತಮ್ಮ ಮೆಟ್ಟಿಲನ್ನೂ ಒಡೆದರು. ಆ ಸಾಲಿನಲ್ಲಿ ಈಗ ತೆರೆದ ಚರಂಡಿ ಒಂದೇ ಮನೆಯ ಮುಂದೆ. ಎರಡು ಕಡೆಯೂ ಚಪ್ಪಡಿ; ನಡುವೆ ಬಾಯಿ ತೆರೆದ ಆ ತುಂಡಿಗೆ ನೀರು ಬಂದರೂ ಮುಂದೆ ಹೋಗುವ ಹಾಗಿಲ್ಲ. ಎಂಜಿನಿಯರು ಕಾಯುತ್ತಿದ್ದಾರೆ. ಹಾಸಿಗೆಯಕ್ಕನ ಯಂತ್ರಕ್ಕೆ ಗಿರಾಕಿ ಒಬ್ಬ ಬಂದು ಹೋಗಿದ್ದಾನೆ. ಆಕಾಶದಲ್ಲಿ ಮೋಡ ಸೇರುತ್ತಿದೆ.

ಓದುವವರೇ, ಮೇಸ್ತ್ರಿಯನ್ನು ಬೈಯಲು ನಿಮಗೆ ಬಾಯಿ ಬಂದಿರಬಹುದು. ಬೈಯಿರಿ, ಅವನು ತಲೆ ತಗ್ಗಿಸಿಯೇ ಕೂತಿದ್ದಾನೆ. ಆಮೇಲೆ ಒಂದು ಕೆಲಸ ಮಾಡಿ. ಮುಂದಿನ ಮಳೆಗೆ ಕಿಟಕಿ ಹಾಕಿಕೊಂಡು ಬಿಸಿಬಿಸಿ ಕುಡಿಯುತ್ತ ಕೂರಬೇಡಿ. ಕೊಡೆ ಹಿಡಿದು ಹೊರಗೆ ಬನ್ನಿ. ನಿಮ್ಮ ಬಾಗಿಲಲ್ಲಿ ನಿಲ್ಲದ ನೀರು ಎಲ್ಲಿಗೆ ಹೋಗುತ್ತಿದೆಯೋ ಅದರ ಹಿಂದೆ ನಡೆಯಿರಿ. ಅದು ಯಾರ ಮನೆಯೊಳಗೆ ಹೊಕ್ಕಿತೋ ಆ ಬಾಗಿಲು ತಟ್ಟಿ, ಒಳಗೆ ಹೋಗಿ, ಕಾಲು ಒದ್ದೆ ಮಾಡಿಕೊಂಡು ನಿಂತು ನೋಡಿ. ಮನೆಗೆ ಬಂದು ನಿಮ್ಮ ಮೆಟ್ಟಿಲ ಚಪ್ಪಡಿ ಎತ್ತಿ. ನಾಳೆ ಅಲ್ಲ. ಹಾರೆ ಇಲ್ಲದಿದ್ದರೆ ಪಕ್ಕದ ಮನೆಯವರನ್ನು ಕೇಳಿ, ಅವರನ್ನೂ ಎಬ್ಬಿಸಿದ ಹಾಗಾಗುತ್ತದೆ.